ಸುಧಾರಿಸಿಕೊಳ್ಳುವ ಶಕ್ತಿ: ಕೆಲಸದ ಒತ್ತಡದ ಬಗ್ಗೆ ಮನೋವಿಜ್ಞಾನ ಏನು ಹೇಳುತ್ತದೆ?

ಸಂಜೆ ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಹೊರಡುವ ರೈಲಿನಲ್ಲಿ ದಿನಾಲು ಅಪ್ ಆ್ಯಂಡ್ ಡೌನ್ ಮಾಡುವ ನೌಕರರು ತುಂಬಿರುತ್ತಾರೆ. ಮಾರ್ಚ್ ಬಂತೆಂದರೆ ಅವರ ಮಾತೆಲ್ಲ ಟಾರ್ಗೆಟ್, ಆಡಿಟ್, ರಜೆ ಸಿಗದಿರುವುದು, ರಾತ್ರಿ ನಿದ್ದೆ ಬಾರದಿರುವುದು, ಇವುಗಳ ಸುತ್ತಲೇ ಇರುತ್ತದೆ. ಅಣ್ಣಿಗೇರಿ ಬರುವಷ್ಟರಲ್ಲಿ ಯಾರಾದರೊಬ್ಬರು ‘ಜೀವಕ್ಕ ಸಾಕಾಗೇತಿ’ ಎಂದಿರುತ್ತಾರೆ. ಪಕ್ಕದವರು ‘ಮನಸ್ಸು ಗಟ್ಟಿ ಮಾಡ್ಕೋರಿ’ ಎಂದಿರುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಯಾರೂ ಹೇಳುವುದಿಲ್ಲ, ಯಾಕೆಂದರೆ ಅದು ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ವಾರಕ್ಕೆ 70 ಗಂಟೆ ದುಡಿಯಬೇಕೆಂಬ ಮಾತು 2023ರಲ್ಲಿ ದೇಶದ ತುಂಬ ಚರ್ಚೆಯಾದ ಮೇಲೆ ಕೆಲಸದ ಒತ್ತಡ ಎಂಬ ವಿಷಯ ಮನೆಮನೆಯ ಮಾತಾಗಿದೆ. ಅದರ ಜೊತೆಯಲ್ಲೇ ಅನೇಕ ಕಚೇರಿಗಳಲ್ಲಿ ಅರ್ಧ ದಿನದ ತರಬೇತಿಗಳು ನಡೆಯುತ್ತಿದ್ದು, ‘ಪಾಸಿಟಿವ್ ಸೈಕಾಲಜಿ’ (ಸಕಾರಾತ್ಮಕ ಮನೋವಿಜ್ಞಾನ), ‘ರೆಸಿಲಿಯನ್ಸ್’ (ಸುಧಾರಿಸಿಕೊಳ್ಳುವ ಶಕ್ತಿ) ಎಂಬ ಪದಗಳು ನೌಕರರ ಕಿವಿಗೆ ಬೀಳುತ್ತಿವೆ. ಸದಾ ನಗುತ್ತಿರಬೇಕು, ಕೆಟ್ಟದ್ದನ್ನು ಯೋಚಿಸಲೇಬಾರದು ಎಂಬುದೇ ಇದರ ತಿರುಳೆಂದು ಕೆಲವರು ತಿಳಿದಿದ್ದಾರೆ. ಹೆಚ್ಚು ಕೆಲಸ ಹೇರುವುದಕ್ಕೆ ಇದೊಂದು ನೆಪವೆಂದು ಇನ್ನು ಕೆಲವರು ಅನುಮಾನಿಸುತ್ತಾರೆ. ಈ ಎರಡೂ ಗ್ರಹಿಕೆಗಳು ಯಾಕೆ ಹುಟ್ಟಿದವು ಮತ್ತು ಸಂಶೋಧನೆ ನಿಜವಾಗಿ ಏನನ್ನು ಕಂಡುಕೊಂಡಿದೆ ಎಂಬುದನ್ನು ಬುಡದಿಂದ ನೋಡೋಣ.

ಒತ್ತಡವಾದಾಗ ದೇಹದಲ್ಲಿ ಆಗುವುದೇನು?

ಒತ್ತಡ ಎಂಬ ಪದವನ್ನು ನಾವು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಹೊರಗಿನಿಂದ ಬೀಳುವ ಭಾರ ಒಂದು. ಆ ಭಾರಕ್ಕೆ ದೇಹ ಮತ್ತು ಮನಸ್ಸು ಕೊಡುವ ಪ್ರತಿಕ್ರಿಯೆ ಇನ್ನೊಂದು. ವಿಜ್ಞಾನಿಗಳು ಒತ್ತಡ ಎನ್ನುವುದು ಹೆಚ್ಚಾಗಿ ಎರಡನೆಯದನ್ನು.

ಹಂಗೇರಿ ಮೂಲದ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದಾಗ ವಿಚಿತ್ರವಾದ ಒಂದು ಸಂಗತಿಯನ್ನು ಗಮನಿಸಿದರು. ಇಲಿಯನ್ನು ವಿಪರೀತ ಚಳಿಯಲ್ಲಿಟ್ಟರೂ, ಗಾಯ ಮಾಡಿದರೂ, ಮಿತಿಮೀರಿ ಓಡಿಸಿದರೂ, ಔಷಧ ಚುಚ್ಚಿದರೂ ಅದರ ದೇಹದಲ್ಲಿ ಕಾಣಿಸುವ ಬದಲಾವಣೆಗಳು ಒಂದೇ ತೆರನಾಗಿರುತ್ತಿದ್ದವು: ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿ ಹಿಗ್ಗುತ್ತಿತ್ತು, ರೋಗ ತಡೆಯುವ ವ್ಯವಸ್ಥೆಗೆ ಸೇರಿದ ಅಂಗಾಂಶಗಳು ಕುಗ್ಗುತ್ತಿದ್ದವು, ಹೊಟ್ಟೆಯಲ್ಲಿ ಹುಣ್ಣಾಗುತ್ತಿತ್ತು. 1936ರಲ್ಲಿ ಅವರು ಇದನ್ನು ಒಂದು ಪುಟ್ಟ ಟಿಪ್ಪಣಿಯಾಗಿ ಪ್ರಕಟಿಸಿದರು. ಕಷ್ಟ ಯಾವುದೇ ಇರಲಿ, ಅದನ್ನು ಎದುರಿಸಲು ದೇಹ ಒಂದೇ ಬಗೆಯ ಸಿದ್ಧತೆಗೆ ಇಳಿಯುತ್ತದೆ. ಮೊದಲು ಎಚ್ಚರಗೊಳ್ಳುತ್ತದೆ, ಆಮೇಲೆ ಎದುರಿಸಿ ನಿಲ್ಲುತ್ತದೆ, ಕಷ್ಟ ಮುಗಿಯದೆ ಮುಂದುವರಿದರೆ ಕೊನೆಗೆ ಬಸವಳಿಯುತ್ತದೆ ಎಂಬುದು ಅವರ ವಿವರಣೆಯ ಸಾರ.

ಈ ಸಿದ್ಧತೆ ಮೂಲತಃ ಒಳ್ಳೆಯದೇ. ದಾರಿಯಲ್ಲಿ ಹಾವು ಕಂಡಾಗ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರಿ ಎದೆಬಡಿತ ಏರುತ್ತದೆ, ಕಾಲಿಗೆ ರಕ್ತ ನುಗ್ಗುತ್ತದೆ, ಮರುಕ್ಷಣ ನಾವು ಹಿಂದಕ್ಕೆ ಹಾರಿರುತ್ತೇವೆ. ಬೆನ್ನಹಿಂದೆಯೇ ಬರುವ ಕಾರ್ಟಿಸೋಲ್ ಎಂಬ ಇನ್ನೊಂದು ರಸ ಸಕ್ಕರೆಯ ಅಂಶವನ್ನು ಬಿಡುಗಡೆ ಮಾಡಿ ಶಕ್ತಿ ಒದಗಿಸುತ್ತದೆ. ಹಾವು ಸರಿದು ಹೋದ ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ. ಕಚೇರಿಯ ತೊಡಕು ಇಲ್ಲಿಯೇ ಇದೆ. ಮೇಲಧಿಕಾರಿಯ ಸಿಟ್ಟು, ಬಾಕಿ ಉಳಿದ ಕಡತ, ತಿಂಗಳ ಕೊನೆಯ ಟಾರ್ಗೆಟ್ಟು ಹಾವಿನಂತೆ ಸರಿದು ಹೋಗುವುದಿಲ್ಲ. ಅವು ವಾಟ್ಸ್‌ಆ್ಯಪ್ ಗುಂಪಿನ ಮೂಲಕ ಮನೆಯ ಊಟದ ತಾಟಿನ ತನಕ ಬರುತ್ತವೆ. ನಾಲ್ಕು ನಿಮಿಷಕ್ಕೆಂದು ಇರುವ ಸಿದ್ಧತೆ ನಾಲ್ಕು ತಿಂಗಳು ನಡೆದಾಗ ನಿದ್ದೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ, ಸಣ್ಣ ಮಾತಿಗೂ ಸಿಡುಕು ಬರುತ್ತದೆ.

ಅದೇ ಕೆಲಸ ಒಬ್ಬರಿಗೆ ಹಗುರ, ಇನ್ನೊಬ್ಬರಿಗೆ ಭಾರ ಯಾಕೆ?

ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಲಾಜರಸ್ ಅವರು ಸೂಸನ್ ಫೋಕ್‌ಮನ್ ಅವರೊಡನೆ 1984ರಲ್ಲಿ ಮಂಡಿಸಿದ ವಿವರಣೆ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಕಷ್ಟವೊಂದು ಎದುರಾದಾಗ ಮನಸ್ಸು ನಮಗೆ ಗೊತ್ತಾಗುವ ಮೊದಲೇ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತದೆ. ಇದರಿಂದ ನನಗೆ ಧಕ್ಕೆ ಇದೆಯೇ ಎಂಬುದು ಮೊದಲನೆಯದು. ಇದನ್ನು ನಿಭಾಯಿಸಲು ಬೇಕಾದದ್ದು ನನ್ನ ಬಳಿ ಇದೆಯೇ ಎಂಬುದು ಎರಡನೆಯದು. ಧಕ್ಕೆ ಇದೆ, ನಿಭಾಯಿಸುವ ದಾರಿ ಇಲ್ಲ ಎಂದು ಮನಸ್ಸು ತೀರ್ಮಾನಿಸಿದಾಗ ಒತ್ತಡ ಹುಟ್ಟುತ್ತದೆ. ಸಮಯ, ಹಣ, ತಿಳಿವಳಿಕೆ, ಕೈ ಹಿಡಿಯುವ ಜನ, ಹಿಂದೆ ಗೆದ್ದು ಬಂದ ನೆನಪು, ಇವೆಲ್ಲವೂ ಆ ‘ಬೇಕಾದದ್ದು’ ಎಂಬುದರೊಳಗೆ ಸೇರುತ್ತವೆ.

ಆದರೆ ಎಲ್ಲವೂ ಮನಸ್ಸಿನ ಲೆಕ್ಕಾಚಾರವಲ್ಲ. ರಾಬರ್ಟ್ ಕರಾಸೆಕ್ ಎಂಬ ಸಂಶೋಧಕರು 1979ರಲ್ಲಿ ಕೆಲಸದ ಸ್ವರೂಪದತ್ತಲೇ ಬೆರಳು ಮಾಡಿದರು. ಬೇಡಿಕೆ ಹೆಚ್ಚಿದ್ದು, ಅದನ್ನು ಹೇಗೆ ಮಾಡಬೇಕೆಂಬ ನಿರ್ಧಾರ ತನ್ನ ಕೈಯಲ್ಲಿ ಇಲ್ಲದಿರುವ ಕೆಲಸವೇ ಆರೋಗ್ಯಕ್ಕೆ ಅತಿ ಹೆಚ್ಚು ಹಾನಿಕರ ಎಂಬುದು ಅವರ ವಾದ. ಊರೂರಿನ ನಡುವೆ ಬಸ್ಸು ಓಡಿಸುವ ಚಾಲಕರನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ: ಹೊರಡುವ ಹೊತ್ತು, ಮುಟ್ಟುವ ಹೊತ್ತು, ನಿಲ್ಲುವ ಜಾಗ ಎಲ್ಲವನ್ನೂ ಬೇರೆಯವರು ಗೊತ್ತು ಮಾಡಿರುತ್ತಾರೆ, ದಾರಿಯಲ್ಲಿ ಅಡ್ಡ ಬರುವ ಟ್ರ್ಯಾಕ್ಟರ್, ಜಾತ್ರೆಯ ಗದ್ದಲ, ಅಗೆದು ಬಿಟ್ಟ ರಸ್ತೆ ಅವರ ಕೈಯಲ್ಲಿಲ್ಲ, ತಡವಾದರೆ ಬೈಗುಳ ಮಾತ್ರ ಅವರ ಪಾಲಿಗೆ.

ಇದಕ್ಕೆ ಗಟ್ಟಿಯಾದ ಪುರಾವೆ ಬಂದದ್ದು ಲಂಡನ್ನಿನ ಸರ್ಕಾರಿ ನೌಕರರಿಂದ. 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನ ಸುಮಾರು 18 ಸಾವಿರ ಪುರುಷ ನೌಕರರನ್ನು ವರ್ಷಗಟ್ಟಲೆ ಗಮನಿಸಿತು. ಮೇಲಿನ ಹುದ್ದೆಯವರಿಗೆ ಜವಾಬ್ದಾರಿ ಹೆಚ್ಚು, ಆದ್ದರಿಂದ ಹೃದಯದ ಕಾಯಿಲೆಯೂ ಹೆಚ್ಚು ಎಂಬ ಸಾಮಾನ್ಯ ನಂಬಿಕೆ ಅಲ್ಲಿ ತಲೆಕೆಳಗಾಯಿತು. ಹೃದಯ ಕಾಯಿಲೆಯಿಂದ ಸಾಯುವ ಪ್ರಮಾಣ ಕೆಳಗಿನ ದರ್ಜೆಯ ನೌಕರರಲ್ಲೇ ಬಹಳ ಹೆಚ್ಚಿತ್ತು. ಬೀಡಿ ಸಿಗರೇಟು, ರಕ್ತದೊತ್ತಡ ಮುಂತಾದ ಕಾರಣಗಳು ಈ ಅಂತರದ ಒಂದು ಪಾಲನ್ನಷ್ಟೇ ವಿವರಿಸಿದವು. 1985ರಲ್ಲಿ ಶುರುವಾದ ಎರಡನೆಯ ಸುತ್ತಿನಲ್ಲಿ ಮೈಕೆಲ್ ಮಾರ್ಮಟ್ ಮತ್ತು ಅವರ ತಂಡ, ತನ್ನ ಕೆಲಸದ ಮೇಲೆ ತನಗೆ ಹಿಡಿತ ಇಲ್ಲದಿರುವುದು ಹೃದಯದ ಕಾಯಿಲೆಯೊಂದಿಗೆ ತಳಕು ಹಾಕಿಕೊಂಡಿರುವುದನ್ನು ಕಂಡಿತು.

ಒತ್ತಡ ಇಳಿಯದೆ ಉಳಿದಾಗ ಬರುವ ಸ್ಥಿತಿಯೇ ‘ಬರ್ನೌಟ್’, ಅಂದರೆ ಬೆಂದು ಬರಿದಾಗುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೆ ಮೂರು ಗುರುತುಗಳನ್ನು ಹೇಳಿದೆ: ಶಕ್ತಿ ಬತ್ತಿ ಹೋದ ಅನುಭವ, ಕೆಲಸದ ಬಗ್ಗೆ ಜಿಗುಪ್ಸೆ ಅಥವಾ ದೂರ ಸರಿಯುವ ಭಾವ, ಮತ್ತು ತಾನು ಮಾಡುವುದರಿಂದ ಏನೂ ಆಗುತ್ತಿಲ್ಲವೆಂಬ ಅನಿಸಿಕೆ. ಸಂಸ್ಥೆ ಇದನ್ನು ರೋಗವೆಂದು ಕರೆದಿಲ್ಲ. ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಷ್ಟೇ ವರ್ಗೀಕರಿಸಿದೆ. ಸಂತೆಯ ದಿನದ ದಣಿವು ರಾತ್ರಿಯ ನಿದ್ದೆಯಿಂದ ಹೋಗುತ್ತದೆ, ಇದು ಹೋಗುವುದಿಲ್ಲ.

ಸುಧಾರಿಸಿಕೊಳ್ಳುವುದು ಎಂದರೆ

ರೆಸಿಲಿಯನ್ಸ್ ಎಂಬ ಪದಕ್ಕೆ ತಾಳ್ಮೆ, ಸಹನೆ, ಗಟ್ಟಿತನ ಎಂದೆಲ್ಲ ಕನ್ನಡ ಮಾಡುತ್ತಾರೆ. ನನ್ನ ಮಟ್ಟಿಗೆ ನಮ್ಮ ಭಾಗದ ಆಡುಮಾತಿನಲ್ಲಿ ಇದಕ್ಕಿಂತ ಹತ್ತಿರದ ಪದವೊಂದಿದೆ. ಬಿಸಿಲಲ್ಲಿ ನಡೆದು ಬಂದವರಿಗೆ ಕಟ್ಟೆಯ ಮೇಲೆ ಕೂತವರು ‘ಬರ್ರಿ, ಒಂದೀಟು ಸುಧಾರಿಸ್ಕೋರಿ’ ಎನ್ನುತ್ತಾರೆ. ದಣಿದದ್ದನ್ನು ಆ ಮಾತು ಒಪ್ಪಿಕೊಳ್ಳುತ್ತದೆ, ಮತ್ತೆ ಹೊರಡುವುದಿದೆ ಎಂಬುದನ್ನೂ ಒಪ್ಪಿಕೊಳ್ಳುತ್ತದೆ. ತಾಳಿಕೊಳ್ಳುವವರು ಭಾರ ಹೊತ್ತು ನಿಂತೇ ಇರುತ್ತಾರೆ. ಸುಧಾರಿಸಿಕೊಳ್ಳುವವರು ಬಾಗಿ, ಮೊದಲಿನ ಸ್ಥಿತಿಗೆ ಮರಳುತ್ತಾರೆ.

ಹುಬ್ಬಳ್ಳಿಯ ಹೊರವಲಯದ ಬೈಪಾಸಿನಲ್ಲಿ ಲಾರಿಗಳ ಗ್ಯಾರೇಜುಗಳಿವೆ. ಲಾರಿಯ ಚಕ್ರದ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದಿರುತ್ತಾರೆ. ಗ್ಯಾರೇಜಿನವರು ಅದಕ್ಕೆ ಪಾಟಾ ಎನ್ನುತ್ತಾರೆ. ಎಲ್ಲಕ್ಕಿಂತ ಉದ್ದದ ಪಟ್ಟಿ ಒಂದು, ಅದರ ಕೆಳಗೆ ಕ್ರಮವಾಗಿ ಗಿಡ್ಡದಾಗುತ್ತ ಹೋಗುವ ಹಲವು. ತಗ್ಗಿನಲ್ಲಿ ಚಕ್ರ ಬಿದ್ದಾಗ ಪಟ್ಟಿಗಳೆಲ್ಲ ಸೇರಿ ಬಾಗುತ್ತವೆ, ಭಾರವನ್ನು ಹಂಚಿಕೊಳ್ಳುತ್ತವೆ, ಒಂದರ ಮೇಲೊಂದು ಉಜ್ಜಿ ಕುಲುಕಾಟವನ್ನು ತಣಿಸುತ್ತವೆ, ಮತ್ತೆ ಮೊದಲಿನ ಆಕಾರಕ್ಕೆ ಬರುತ್ತವೆ. ಬಾಗದಷ್ಟು ಗಟ್ಟಿಯಾದ ಒಂದೇ ಕಂಬಿಯನ್ನು ಅಲ್ಲಿ ಹಾಕಿದ್ದರೆ ಮೊದಲ ತಗ್ಗಿಗೇ ಏನಾದರೂ ಮುರಿಯುತ್ತಿತ್ತು. ಮನುಷ್ಯನ ಸುಧಾರಿಸಿಕೊಳ್ಳುವ ಶಕ್ತಿಯೂ ಹೀಗೆ ಹಲವು ಪಟ್ಟಿಗಳ ಜೋಡಣೆ: ನಿದ್ದೆ, ಆಪ್ತರು, ಕೆಲಸದಲ್ಲಿ ಕಾಣುವ ಅರ್ಥ, ಯೋಚಿಸುವ ರೀತಿ, ಹಣದ ಆಸರೆ. ಈ ಹೋಲಿಕೆಯ ಇನ್ನೊಂದು ಮಗ್ಗುಲಿಗೆ ಕೊನೆಯಲ್ಲಿ ಮರಳಬೇಕಾಗುತ್ತದೆ.

ಈ ಶಕ್ತಿ ಹುಟ್ಟಿನಿಂದ ಬರುವುದೋ, ಬೆಳೆಸಿಕೊಳ್ಳುವುದೋ ಎಂಬ ಪ್ರಶ್ನೆಗೆ ಹವಾಯಿಯ ಕವಾಯಿ ದ್ವೀಪದ ಅಧ್ಯಯನ ಬೆಳಕು ಚೆಲ್ಲಿತು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಕಾಲ ಗಮನಿಸಿದರು. ಬಡತನ, ಕುಡಿತ, ಮನೆಯ ಕಲಹಗಳ ನಡುವೆ ಹುಟ್ಟಿ ಅಪಾಯದ ಅಂಚಿನಲ್ಲಿದ್ದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಪಾಲು ಸಮರ್ಥರಾಗಿ, ಪರರ ಬಗ್ಗೆ ಕಾಳಜಿಯುಳ್ಳವರಾಗಿ ಬೆಳೆದರು. ಅವರ ಬಾಳಿನಲ್ಲಿ ಮತ್ತೆ ಮತ್ತೆ ಕಂಡದ್ದು, ತಂದೆ ತಾಯಿ ಅಲ್ಲದಿದ್ದರೆ ಅಜ್ಜಿಯೋ ಮಾಸ್ತರೋ ನೆರೆಯವರೋ, ಹೀಗೆ ನಂಬಿ ಕೈಹಿಡಿದ ಒಬ್ಬರಾದರೂ ಹಿರಿಯರು ಇದ್ದದ್ದು. ಇಂಥ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದ ಆ್ಯನ್ ಮಾಸ್ಟನ್ ಅವರು 2001ರಲ್ಲಿ, ಈ ಶಕ್ತಿ ಅಪರೂಪದ ಮಂದಿಗಷ್ಟೇ ಒಲಿದ ವರವಲ್ಲ, ಎಲ್ಲರಲ್ಲೂ ಇರುವ ಸಾಮಾನ್ಯ ವ್ಯವಸ್ಥೆಗಳೇ ಅದರ ಮೂಲ ಎಂದು ಬರೆದರು.

ಸಕಾರಾತ್ಮಕ ಮನೋವಿಜ್ಞಾನ ಹುಟ್ಟಿದ್ದು ಎಲ್ಲಿಂದ?

ಈ ಶಾಖೆಯ ಬೇರು ಇರುವುದು ನೋವಿನ ಪ್ರಯೋಗವೊಂದರಲ್ಲಿ. 1967ರ ಸುಮಾರಿಗೆ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಯುವ ಸಂಶೋಧಕರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಾಯಿಗಳಿಗೆ ವಿದ್ಯುತ್ ಆಘಾತ ಕೊಟ್ಟು ನೋಡಿದರು. ಒಂದು ಗುಂಪಿನ ನಾಯಿಗಳು ಹಲಗೆಯೊಂದನ್ನು ಒತ್ತಿ ಆಘಾತವನ್ನು ನಿಲ್ಲಿಸಬಹುದಿತ್ತು. ಇನ್ನೊಂದು ಗುಂಪಿನವುಗಳಿಗೆ ಅಷ್ಟೇ ಆಘಾತ ತಗುಲುತ್ತಿತ್ತು, ಆದರೆ ಏನು ಮಾಡಿದರೂ ಅದನ್ನು ನಿಲ್ಲಿಸಲು ಬರುತ್ತಿರಲಿಲ್ಲ. ಆಮೇಲೆ ಎರಡೂ ಗುಂಪುಗಳನ್ನು, ಗಿಡ್ಡ ತಡೆಯೊಂದನ್ನು ಹಾರಿದರೆ ಪಾರಾಗಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟಾಗ ಮೊದಲ ಗುಂಪಿನವು ಹಾರಿ ಪಾರಾದವು. ಎರಡನೆಯ ಗುಂಪಿನ ಬಹುಪಾಲು ನಾಯಿಗಳು ಕೂತಲ್ಲೇ ಮುದುಡಿಕೊಂಡವು. ಇದನ್ನು ಕಲಿತ ಅಸಹಾಯಕತೆ ಎಂದು ಕರೆದರು.

ಸುಮಾರು ಐವತ್ತು ವರ್ಷಗಳ ಬಳಿಕ, 2016ರಲ್ಲಿ, ಅದೇ ಇಬ್ಬರು ಮಿದುಳಿನ ಹೊಸ ಅಧ್ಯಯನಗಳ ಆಧಾರದ ಮೇಲೆ ತಮ್ಮ ವಿವರಣೆಯನ್ನು ತಾವೇ ತಿದ್ದಿಕೊಂಡರು. ದೀರ್ಘಕಾಲದ ಕಷ್ಟದಲ್ಲಿ ಮುದುಡಿ ಕೂರುವುದು ಮಿದುಳಿನ ಸಹಜ ಪ್ರತಿಕ್ರಿಯೆ. ಕಲಿಯಬೇಕಾಗಿರುವುದು ‘ನಾನು ಮಾಡಿದ್ದರಿಂದ ಏನೋ ಬದಲಾಗುತ್ತದೆ’ ಎಂಬ ಅರಿವನ್ನು ಎಂದು ಅವರು ಬರೆದರು. ಒತ್ತಡದಲ್ಲಿ ಸೋತು ಕುಳಿತವರನ್ನು ಹೀಯಾಳಿಸುವ ಮೊದಲು ಈ ಮಾತನ್ನು ನೆನೆಯಬೇಕು. ಅವರು ಸೋಮಾರಿಗಳಲ್ಲ. ತನ್ನ ಕೈಯಲ್ಲಿ ಏನೋ ಇದೆ ಎಂದು ಕಲಿಯುವ ಅವಕಾಶ ಅವರಿಗೆ ಸಿಕ್ಕಿಲ್ಲ.

ಸೆಲಿಗ್‌ಮನ್ 1998ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷರಾದರು. ಮನೋವಿಜ್ಞಾನ ಮನುಷ್ಯನಲ್ಲಿ ಏನು ಕೆಟ್ಟಿದೆ ಎಂಬುದನ್ನೇ ಅಳೆಯುತ್ತ ಬಂದಿದೆ, ಬಾಳು ಹಸನಾಗುವುದು ಯಾವುದರಿಂದ ಎಂಬುದನ್ನೂ ಅಷ್ಟೇ ಶಿಸ್ತಿನಿಂದ ಅಧ್ಯಯನ ಮಾಡಬೇಕು ಎಂದು ಅವರು ಕರೆ ಕೊಟ್ಟರು. ಸಕಾರಾತ್ಮಕ ಮನೋವಿಜ್ಞಾನ ಎಂದರೆ ಅಷ್ಟೇ: ಕೃತಜ್ಞತೆ, ಭರವಸೆ, ಸಂಬಂಧ, ಅರ್ಥಪೂರ್ಣತೆ ಇವುಗಳನ್ನು ಪ್ರಯೋಗಗಳ ಮೂಲಕ ಅಳೆದು ನೋಡುವ ಶಾಖೆ. ದುಃಖವನ್ನು ಅದುಮಿಡಬೇಕು ಎಂದು ಅದು ಎಲ್ಲಿಯೂ ಹೇಳುವುದಿಲ್ಲ.

ಎರೆ ಹೊಲದ ಹಸಿ

ಸಂತೋಷದಿಂದ ಒತ್ತಡಕ್ಕೆ ಏನು ಉಪಯೋಗ? ಭಯವಾದಾಗ ಗಮನ ಒಂದೇ ಬಿಂದುವಿಗೆ ಕುಗ್ಗುತ್ತದೆ ಎಂಬುದು ಎಲ್ಲರ ಅನುಭವ. ಲೆಕ್ಕ ತಾಳೆಯಾಗದೆ ಗಾಬರಿಯಾದ ಗುಮಾಸ್ತರಿಗೆ ಕಣ್ಣೆದುರಿನ ಅಂಕಿಯೇ ಕಾಣಿಸುವುದಿಲ್ಲ. ಬಾರ್ಬರಾ ಫ್ರೆಡ್ರಿಕ್‌ಸನ್ ಎಂಬ ಮನೋವಿಜ್ಞಾನಿ 1998ರಿಂದ ಮುಂದಕ್ಕೆ ಬೆಳೆಸಿದ ಸಿದ್ಧಾಂತದ ಪ್ರಕಾರ ನೆಮ್ಮದಿ, ಕುತೂಹಲ, ಅಕ್ಕರೆ, ನಗು ಇವು ಇದಕ್ಕೆ ತಿರುಗುಮುರುಗಾದ ಕೆಲಸ ಮಾಡುತ್ತವೆ. ಅವು ಗಮನವನ್ನು ಹಿಗ್ಗಿಸುತ್ತವೆ. ಹಾಗೆ ಹಿಗ್ಗಿದ ಹೊತ್ತಿನಲ್ಲಿ ನಾವು ಹೊಸದನ್ನು ಕಲಿಯುತ್ತೇವೆ, ಗೆಳೆತನ ಬೆಳೆಸುತ್ತೇವೆ, ಬೇರೆ ದಾರಿಗಳನ್ನು ಕಾಣುತ್ತೇವೆ. ಭಾವ ಕರಗಿ ಹೋದರೂ ಅದರಿಂದ ಗಳಿಸಿದ್ದು ಉಳಿಯುತ್ತದೆ.

ಗದಗ, ನವಲಗುಂದದ ಕಡೆಯ ಓದುಗರಿಗೆ ಇದನ್ನು ಹೊಲದಲ್ಲಿ ನಿಂತೇ ವಿವರಿಸಬಹುದು. ಹಿಂಗಾರಿ ಜೋಳ, ಕಡಲೆಗಳನ್ನು ಬಿತ್ತುವುದು ಮಳೆಗಾಲ ಮುಗಿಯುತ್ತ ಬಂದಾಗ. ಆ ಮೇಲೆ ತಿಂಗಳುಗಟ್ಟಲೆ ಹೇಳಿಕೊಳ್ಳುವಂಥ ಮಳೆ ಬರುವುದಿಲ್ಲ. ಆದರೂ ಪೈರು ತೆನೆ ಹಿಡಿಯುತ್ತದೆ, ಯಾಕೆಂದರೆ ಮುಂಗಾರಿನಲ್ಲಿ ಬಿದ್ದ ನೀರನ್ನು ಎರೆ ಮಣ್ಣು ತನ್ನ ಒಡಲಲ್ಲಿ ಹಸಿಯಾಗಿ ಹಿಡಿದಿಟ್ಟಿರುತ್ತದೆ. ಒಡ್ಡು ಹಾಕಿದ ಹೊಲದಲ್ಲಿ ಹಸಿ ಹೆಚ್ಚು, ಹಾಕದ ಹೊಲದಲ್ಲಿ ನೀರು ಹರಿದು ಹೋಗಿರುತ್ತದೆ. ಒಳ್ಳೆಯ ದಿನಗಳ ಒಳ್ಳೆಯ ಕ್ಷಣಗಳು ಮಳೆಯಿದ್ದಂತೆ. ಮುಂದೆ ಹೇಳುವ ಅಭ್ಯಾಸಗಳು ಒಡ್ಡಿನ ಕೆಲಸ ಮಾಡುತ್ತವೆ. ಮಾರ್ಚಿನ ಬಿಸಿಲಲ್ಲಿ ಒಡ್ಡು ಹಾಕಲು ಹೊರಟರೆ ಆ ವರ್ಷದ ಬೆಳೆಗೆ ಅದರಿಂದ ಉಪಯೋಗವಿಲ್ಲ ಎಂಬುದನ್ನು ರೈತರಿಗೆ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಂದು ಕೆಟ್ಟ ಭಾವಕ್ಕೆ ಸುಮಾರು ಮೂರು ಒಳ್ಳೆಯ ಭಾವಗಳಿದ್ದರೆ ಬದುಕು ಅರಳುತ್ತದೆ ಎಂಬ ಲೆಕ್ಕವನ್ನು ತರಬೇತಿಗಳಲ್ಲಿ ಈಗಲೂ ಹೇಳುತ್ತಾರೆ. ಫ್ರೆಡ್ರಿಕ್‌ಸನ್ ಸಹಲೇಖಕರಾಗಿದ್ದ ಲೇಖನವೊಂದರಲ್ಲಿ ಇದು ಬಂದಿತ್ತು. 2013ರಲ್ಲಿ ನಿಕ್ ಬ್ರೌನ್, ಅಲನ್ ಸೋಕಲ್ ಮತ್ತು ಹ್ಯಾರಿಸ್ ಫ್ರೀಡ್‌ಮನ್ ಆ ಲೇಖನದ ಗಣಿತ ತಪ್ಪೆಂದು ತೋರಿಸಿದರು. ಗಣಿತದ ಭಾಗವನ್ನು ಹಿಂಪಡೆಯಲಾಯಿತು. ಮನಸ್ಸಿನ ಒಳಿತನ್ನು ಇಂಥ ಒಂದು ಅಂಕಿಗೆ ಇಳಿಸಿ ಹೇಳುವವರ ಮಾತನ್ನು ಒಪ್ಪುವ ಅಗತ್ಯವಿಲ್ಲ.

ಅಕ್ಕನ ನೋಟುಬುಕ್ಕು

ಹೆಚ್ಚು ಪರೀಕ್ಷೆಗೆ ಒಳಗಾದ ಅಭ್ಯಾಸಗಳಲ್ಲಿ ಒಂದೆಂದರೆ ದಿನದ ಮೂರು ಒಳ್ಳೆಯ ಸಂಗತಿಗಳನ್ನು ಬರೆಯುವುದು. ಸೆಲಿಗ್‌ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಭಾಗವಹಿಸಿದವರಿಗೆ, ಒಂದು ವಾರ ಪ್ರತಿ ರಾತ್ರಿ ಆ ದಿನ ಚೆನ್ನಾಗಿ ನಡೆದ ಮೂರು ಸಂಗತಿಗಳನ್ನೂ ಅವು ಯಾಕೆ ನಡೆದವು ಎಂಬುದನ್ನೂ ಬರೆಯಲು ಹೇಳಲಾಗಿತ್ತು. ಹಾಗೆ ಬರೆದವರಲ್ಲಿ ಸಂತೋಷ ಹೆಚ್ಚಿದ್ದು, ಖಿನ್ನತೆಯ ಲಕ್ಷಣಗಳು ಕಡಿಮೆಯಾದದ್ದು ಆರು ತಿಂಗಳವರೆಗೂ ಕಂಡುಬಂತು. ವಾರ ಮುಗಿದ ಮೇಲೂ ತಾವಾಗಿ ಬರೆಯುತ್ತ ಹೋದವರಿಗೆ ಹೆಚ್ಚು ಪ್ರಯೋಜನವಾಯಿತು.

ಗದಗಿನಲ್ಲಿ ನರ್ಸ್ ಆಗಿರುವ ನನ್ನ ಅಕ್ಕ ಎರಡು ವರ್ಷಗಳಿಂದ ಇದನ್ನು ಮಾಡುತ್ತಿದ್ದಾರೆ. ಇನ್ನೂರು ಪುಟದ ರೂಲ್ಡ್ ನೋಟುಬುಕ್ಕು, ರಟ್ಟಿನ ಮೂಲೆಗಳು ಬಿಟ್ಟುಕೊಂಡಿವೆ, ನಡುವೆ ಪೆನ್ನಿನ ಗೆರೆ ಎಳೆದು ಪ್ರತಿ ಪುಟವನ್ನು ಎರಡು ಕಾಲಂ ಮಾಡಿದ್ದಾರೆ. ಅವರ ಒಪ್ಪಿಗೆ ಪಡೆದು ಒಂದು ರಾತ್ರಿಯ ಬರಹವನ್ನು ಇಲ್ಲಿ ಕೊಡುತ್ತಿದ್ದೇನೆ. ಎಡಗಡೆ: ‘ಮೂಲಿ ಬೆಡ್ಡಿನ ಅಜ್ಜಿ ಇವತ್ತ ಅರ್ಧ ಬಟ್ಟಲ ಗಂಜಿ ಕುಡದ್ರು.’ ಬಲಗಡೆ: ‘ನಿನ್ನಿಯಿಂದ ಚಮಚಾಲೆ ಸಾವಕಾಶ ಕೊಟ್ಟೆ, ಗಡಿಬಿಡಿ ಮಾಡಲಿಲ್ಲ.’ ಎಡಗಡೆ: ‘ನೈಟ್ ಡ್ಯೂಟಿ ಬದಲಿ ಸಿಕ್ತು.’ ಬಲಗಡೆ: ‘ಕೇಳೂದು ಹೆಂಗ ಅಂತ ಸುಮ್ನ ಇರಲಿಲ್ಲ, ಬಾಯಿ ಬಿಟ್ಟು ಕೇಳಿದೆ.’ ಮೂರನೆಯ ಸಾಲಿನಲ್ಲಿ ಎಡಗಡೆ ‘ಚಹಾ ಬಿಸಿ ಇತ್ತು’ ಎಂದಷ್ಟೇ ಇದೆ. ಬಲಗಡೆ ಖಾಲಿ.

ಈ ಅಭ್ಯಾಸದ ಜೀವ ಇರುವುದು ಬಲಗಡೆಯ ಕಾಲಂನಲ್ಲಿ. ಮನಸ್ಸು ಸಹಜವಾಗಿ ಕೆಟ್ಟದ್ದನ್ನೇ ಎತ್ತಿ ಹಿಡಿಯುತ್ತದೆ, ಏಕೆಂದರೆ ಅಪಾಯವನ್ನು ಮರೆತ ಪ್ರಾಣಿ ಬದುಕಿ ಉಳಿಯುವುದು ಕಷ್ಟ. ಹತ್ತು ರೋಗಿಗಳು ನಕ್ಕು ಮಾತಾಡಿ, ಒಬ್ಬರ ಕಡೆಯವರು ಬೈದರೆ ರಾತ್ರಿ ನೆನಪಾಗುವುದು ಬೈಗುಳವೇ. ಒಳ್ಳೆಯದನ್ನು ಹುಡುಕಿ ಬರೆಯುವಾಗ ಗಮನದ ಈ ವಾಲಿಕೆ ಸ್ವಲ್ಪ ಸರಿಹೋಗುತ್ತದೆ. ‘ಯಾಕೆ’ ಎಂದು ಬರೆಯುವಾಗ ಒಳ್ಳೆಯದರ ಹಿಂದೆ ತನ್ನದೊಂದು ಕೈ ಇತ್ತು ಎಂಬುದು ಕಾಣಿಸುತ್ತದೆ. ಮೇಯರ್ ಮತ್ತು ಸೆಲಿಗ್‌ಮನ್ ಹೇಳಿದ ಕಲಿಯಬೇಕಾದ ಅರಿವು ಅದೇ.

ಪ್ರಯೋಜನವನ್ನು ಹಿಗ್ಗಿಸಿ ಹೇಳಬಾರದು. ಇಂಥ ಅಭ್ಯಾಸಗಳ ಮೇಲಿನ 39 ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ನಡೆದ ವಿಶ್ಲೇಷಣೆಯಲ್ಲಿ ಪರಿಣಾಮ ಇದೆ ಎಂಬುದೂ ಅದು ಸಣ್ಣದು ಎಂಬುದೂ ಕಂಡುಬಂತು. ದುಡ್ಡಿಲ್ಲದೆ, ಹತ್ತು ನಿಮಿಷದಲ್ಲಿ ಮಾಡಬಹುದಾದ ಕೆಲಸಕ್ಕೆ ಸಣ್ಣ ಪ್ರಯೋಜನವೂ ಬೆಲೆಯುಳ್ಳದ್ದೇ ಎಂದು ನನಗೆ ಅನಿಸುತ್ತದೆ.

ತಪ್ಪಿಗೆ ನಾವು ಕೊಡುವ ಕಾರಣ

ಸೋಲನ್ನು ನಾವು ನಮಗೇ ಹೇಗೆ ವಿವರಿಸಿಕೊಳ್ಳುತ್ತೇವೆ ಎಂಬುದನ್ನು ಸೆಲಿಗ್‌ಮನ್ ಮೂರು ಕಡೆಯಿಂದ ನೋಡಲು ಹೇಳುತ್ತಾರೆ. ಹಾವೇರಿಯ ಕಚೇರಿಯೊಂದರಲ್ಲಿ ಗುಮಾಸ್ತೆಯೊಬ್ಬರು ಪಟ್ಟಿಯಲ್ಲಿ ಒಂದು ಸಾಲನ್ನು ಬಿಟ್ಟು ಮೇಲಿನವರಿಗೆ ಕಳುಹಿಸಿ, ಎಲ್ಲರೆದುರು ಬೈಸಿಕೊಂಡರು ಎಂದಿಟ್ಟುಕೊಳ್ಳೋಣ. ‘ನನಗ ಈ ಕೆಲಸಾ ಬರೂದೇ ಇಲ್ಲ’ ಎಂದರೆ ತಪ್ಪು ಶಾಶ್ವತವಾಯಿತು. ‘ಮನ್ಯಾಗೂ ಅಷ್ಟ, ಆಫೀಸನ್ಯಾಗೂ ಅಷ್ಟ’ ಎಂದರೆ ಅದು ಬದುಕಿನ ತುಂಬ ಹರಡಿತು. ‘ಎಲ್ಲಾ ನನ್ನದ ತಪ್ಪು’ ಎಂದರೆ ಉಳಿದ ಕಾರಣಗಳೆಲ್ಲ ಮರೆಯಾದವು. ಅದೇ ಸಂಗತಿಯನ್ನು ಹೀಗೂ ಹೇಳಬಹುದು: ಇದು ಇವತ್ತಿನ ತಪ್ಪು, ಇದೊಂದು ಪಟ್ಟಿಯಲ್ಲಿ ಆದ ತಪ್ಪು, ನಾನು ಎರಡನೆಯ ಸಲ ನೋಡಲಿಲ್ಲ, ಆದರೆ ಮೂರು ಜನರ ಕೆಲಸ ನನ್ನೊಬ್ಬಳ ಮೇಜಿನ ಮೇಲಿತ್ತು.

ಎರಡನೆಯ ವಿವರಣೆ ತಪ್ಪನ್ನು ಮುಚ್ಚುವುದಿಲ್ಲ. ಅದು ಮೊದಲನೆಯದಕ್ಕಿಂತ ಹೆಚ್ಚು ನಿಜ, ಹಾಗಾಗಿಯೇ ಹೆಚ್ಚು ಉಪಯುಕ್ತ: ಎರಡನೆಯ ಸಲ ನೋಡುವುದು ನಾಳೆ ಮಾಡಬಹುದಾದ ಕೆಲಸ, ಮೂರು ಜನರ ಹೊರೆಯ ವಿಷಯ ಮೇಲಧಿಕಾರಿಗೆ ಹೇಳಬಹುದಾದ ಮಾತು. ಇದನ್ನು ಅಭ್ಯಾಸ ಮಾಡುವಾಗ ಮನಸ್ಸಿಗೆ ಬಂದ ಮೊದಲ ವಾಕ್ಯವನ್ನು ಇದ್ದ ಹಾಗೇ ಬರೆದು, ಅದಕ್ಕೆ ಪುರಾವೆ ಏನು, ಅದನ್ನು ಸುಳ್ಳಾಗಿಸುವ ಪುರಾವೆ ಏನು ಎಂದು ಕೆಳಗೆ ಬರೆಯುವುದು ಒಳ್ಳೆಯದು. ತಲೆಯೊಳಗೇ ವಾದ ಮಾಡಿಕೊಂಡರೆ ಸಾಮಾನ್ಯವಾಗಿ ಮೊದಲ ವಾಕ್ಯವೇ ಗೆಲ್ಲುತ್ತದೆ.

ಕೆಲಸವನ್ನು ಒಳಗಿನಿಂದ ತಿದ್ದುವುದು, ಸಂಜೆ ಅದನ್ನು ಬಿಟ್ಟು ಬರುವುದು

ಎಮಿ ವ್ರೆಸ್ನೆಸ್ಕಿ ಮತ್ತು ಜೇನ್ ಡಟನ್ ಅವರು 2001ರಲ್ಲಿ, ನೌಕರರು ತಮಗೆ ಕೊಟ್ಟ ಕೆಲಸವನ್ನು ತಾವೇ ಸದ್ದಿಲ್ಲದೆ ತಿದ್ದಿಕೊಳ್ಳುವ ಬಗೆಯನ್ನು ವಿವರಿಸಿದರು. ಆಸ್ಪತ್ರೆಯೊಂದರ ಸ್ವಚ್ಛತಾ ಸಿಬ್ಬಂದಿಯಲ್ಲಿ ಕೆಲವರು ನೆಲ ಒರೆಸುವುದಷ್ಟೇ ತಮ್ಮ ಕೆಲಸ ಎಂದುಕೊಂಡಿದ್ದರು. ಇನ್ನು ಕೆಲವರು ರೋಗಿಗಳ ಗುಣಮುಖವಾಗುವಿಕೆಯಲ್ಲಿ ತಾವೂ ಭಾಗಿಗಳು ಎಂದು ತಿಳಿದು ಅವರೊಡನೆ ಮಾತಾಡುತ್ತಿದ್ದರು, ನರ್ಸುಗಳಿಗೆ ನೆರವಾಗುತ್ತಿದ್ದರು. ಹುದ್ದೆ ಒಂದೇ, ಸಂಬಳ ಒಂದೇ, ಆದರೂ ಎರಡನೆಯವರಿಗೆ ಕೆಲಸದಲ್ಲಿ ಅರ್ಥ ಕಾಣುತ್ತಿತ್ತು. ಯಾವ ಕೆಲಸವನ್ನು ದಿನದ ಯಾವ ಹೊತ್ತಿಗೆ ಇಟ್ಟುಕೊಳ್ಳಬೇಕು, ಯಾರ ಜೊತೆ ಸೇರಿ ಮಾಡಬೇಕು, ಅದು ಕೊನೆಗೆ ಯಾರಿಗೆ ಮುಟ್ಟುತ್ತದೆ ಎಂಬ ಮೂರರಲ್ಲಿ ಒಂದನ್ನಾದರೂ ಬದಲಿಸುವ ಅವಕಾಶ ಬಹಳಷ್ಟು ಕೆಲಸಗಳಲ್ಲಿ ಇರುತ್ತದೆ.

ಜರ್ಮನಿಯ ಸಬೀನೆ ಸೊನೆನ್‌ಟಾಗ್ ಅವರ ಸಂಶೋಧನೆ ಕೆಲಸ ಬಿಟ್ಟ ನಂತರದ ಹೊತ್ತನ್ನು ಕುರಿತದ್ದು. ಮನೆಗೆ ಬಂದ ಮೇಲೆ ಕೆಲಸದಿಂದ ಮನಸ್ಸನ್ನು ಪೂರ್ತಿ ಬಿಡಿಸಿಕೊಳ್ಳಲು ಸಾಧ್ಯವಾದವರಿಗೆ ದಣಿವು ಕಡಿಮೆ, ನೆಮ್ಮದಿ ಹೆಚ್ಚು ಎಂದು ಅವರ ಅಧ್ಯಯನಗಳು ತೋರಿಸಿವೆ. ಕಷ್ಟವೆಂದರೆ, ಕೆಲಸದ ಹೊರೆ ಹೆಚ್ಚಿದ್ದವರಿಗೇ ಈ ಬಿಡಿಸಿಕೊಳ್ಳುವಿಕೆ ಬಹಳ ಅಗತ್ಯ, ಅದು ಕೈಗೂಡದಿರುವುದೂ ಅವರಿಗೇ. ಅದಕ್ಕಾಗಿ ನಡುವೆ ಒಂದು ಗಡಿ ಬೇಕು. ಕಚೇರಿ ಬಿಡುವ ಮೊದಲು ನಾಳೆಯ ಕೆಲಸಗಳನ್ನು ಚೀಟಿಯಲ್ಲಿ ಬರೆದು ಡ್ರಾವರಿನಲ್ಲಿಟ್ಟು ಬರುವುದು ಅಂಥದೊಂದು ಗಡಿ. ಬರೆದಿಟ್ಟದ್ದನ್ನು ಮನಸ್ಸು ಮತ್ತೆ ಮತ್ತೆ ನೆನಪಿಸುವ ಅಗತ್ಯ ಇರುವುದಿಲ್ಲ. ರೈಲಿನಲ್ಲಿ ಓಡಾಡುವವರಿಗೆ ದಾರಿಯೇ ಗಡಿಯಾಗಬಲ್ಲದು. ಉಣಕಲ್ ಕೆರೆಯ ದಂಡೆಯಲ್ಲಿ ಅರ್ಧ ಗಂಟೆ ನಡೆಯುವವರೂ, ಸಿದ್ಧಾರೂಢ ಮಠದಲ್ಲಿ ಸ್ವಲ್ಪ ಹೊತ್ತು ಕೂತು ಮನೆಗೆ ಹೋಗುವವರೂ ಹೆಸರಿಡದೆ ಇದನ್ನೇ ಮಾಡುತ್ತಿದ್ದಾರೆ.

ಭಾರವೇ ಹೆಚ್ಚಾದಾಗ

ಈಗ ಪಾಟಾದ ಇನ್ನೊಂದು ಮಗ್ಗುಲು. ಹತ್ತು ಟನ್ನಿನ ಲಾರಿಗೆ ಹದಿನೆಂಟು ಟನ್ ಹೇರಿದರೆ ಎಂಥ ಉಕ್ಕಿನ ಪಾಟಾ ಆದರೂ ಮುರಿಯುತ್ತದೆ. ಆಗ ಪಾಟಾದ ಗುಣಮಟ್ಟವನ್ನು ದೂರುವವರು ಯಾರೂ ಇಲ್ಲ. ಎಷ್ಟು ಹೇರಿದ್ದಿರಿ ಎಂದು ಮೊದಲು ಕೇಳುತ್ತಾರೆ. ಕೆಲಸದ ಒತ್ತಡದ ವಿಷಯದಲ್ಲೂ ಆ ಪ್ರಶ್ನೆಯೇ ಮೊದಲು ಬರಬೇಕು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದಯಕ್ಕೆ ರಕ್ತ ಪೂರೈಕೆ ಕಡಿಮೆಯಾಗುವ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ಈ ಅಪಾಯವನ್ನು ನೋಟುಬುಕ್ಕಿನಲ್ಲಿ ಬರೆದು ಇಳಿಸಲು ಬರುವುದಿಲ್ಲ. ಕೆಲಸದ ಸ್ಥಳದ ಮಾನಸಿಕ ಆರೋಗ್ಯವನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಮಾರ್ಗಸೂಚಿಗಳು ಕೆಲಸದ ಹೊರೆ, ಅವಧಿ ಮತ್ತು ವ್ಯವಸ್ಥೆಯನ್ನೇ ಬದಲಿಸುವುದಕ್ಕೂ, ಸಿಬ್ಬಂದಿಯ ಮನಸ್ಥಿತಿಯನ್ನು ಅರಿಯುವ ತರಬೇತಿಯನ್ನು ಮೇಲಧಿಕಾರಿಗಳಿಗೆ ಕೊಡುವುದಕ್ಕೂ ಶಿಫಾರಸು ಮಾಡಿವೆ. ನೌಕರರಿಗಷ್ಟೇ ತರಬೇತಿ ಕೊಟ್ಟು, ಖಾಲಿ ಹುದ್ದೆ ತುಂಬದೆ, ರಾತ್ರಿ ಹತ್ತಕ್ಕೆ ಸಂದೇಶ ಕಳುಹಿಸುವುದನ್ನು ನಿಲ್ಲಿಸದೆ ಇರುವ ಕಚೇರಿ ಕೆಲಸದ ಅರ್ಧವನ್ನೂ ಮಾಡಿದಂತಾಗುವುದಿಲ್ಲ.

ಯಾವಾಗ ವೈದ್ಯರ ನೆರವು ಪಡೆಯಬೇಕು?

ಎರಡು ವಾರಕ್ಕೂ ಹೆಚ್ಚು ಕಾಲ ಬಹುತೇಕ ಪ್ರತಿದಿನ ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟವಾಗುತ್ತಿದ್ದದ್ದರಲ್ಲಿ ಆಸಕ್ತಿ ಹೋಗಿದ್ದರೆ, ನಿದ್ದೆ ಮತ್ತು ಹಸಿವು ಕೆಟ್ಟಿದ್ದರೆ, ಬದುಕುವುದೇ ಬೇಡವೆನಿಸಿದರೆ ಅದು ಒತ್ತಡದ ಎಲ್ಲೆಯನ್ನು ದಾಟಿದ ಸ್ಥಿತಿ. ಬದುಕುವುದು ಬೇಡವೆಂಬ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯಬಾರದು. ಆಗ ಈ ಅಭ್ಯಾಸಗಳನ್ನು ನೆಚ್ಚಿ ಕೂರದೆ ಚಿಕಿತ್ಸೆ ಪಡೆಯಬೇಕು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂದು ಕರೆಯುವ ಸರ್ಕಾರಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಇದೆ. ಗದಗ, ಹಾವೇರಿಯವರು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿಕೊಂಡು ಹೋಗಬಹುದು.

ಹೊರಗೆ ಹೋಗಲು ಸಂಕೋಚವಾದರೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ ನಡೆಯುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಕರೆ ಮಾಡಿದಾಗ ಎಲ್ಲವನ್ನೂ ಜೋಡಿಸಿ ಹೇಳಬೇಕಾಗಿಲ್ಲ. ‘ಎಷ್ಟೋ ದಿನದಿಂದ ನಿದ್ದಿ ಬಂದಿಲ್ಲರೀ, ಆಫೀಸಿಗೆ ಹೋಗೂದಂದ್ರ ಎದಿ ಡವಡವ ಅಂತೈತಿ’ ಎಂದರೆ ಸಾಕು, ಮುಂದಿನದನ್ನು ಆ ಕಡೆಯವರು ಕೇಳಿ ತಿಳಿದುಕೊಳ್ಳುತ್ತಾರೆ. ಅಗತ್ಯವಿದ್ದರೆ ಹತ್ತಿರದ ವೈದ್ಯರ ಕಡೆಗೆ ದಾರಿ ತೋರಿಸುತ್ತಾರೆ.